ಬಾರದವರ ಬಾಡಿಗೆ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರೆಲ್ಲರಿಗೂ ಊರಿನಿಂದ ಬರುವ ಒಂದು ಬಗೆಯ ದೂರವಾಣಿ ಕರೆ ಚೆನ್ನಾಗಿ ಪರಿಚಯವಿರುತ್ತದೆ. ಕುಶಲಪ್ರಶ್ನೆ ಮುಗಿದು, ಮಳೆ ಬೆಳೆಯ ಮಾತು ಮುಗಿದು, ಇನ್ನೇನು ಫೋನ್ ಇಡಬೇಕು ಎನ್ನುವಾಗ ಆ ಕಡೆಯಿಂದ ಸಂಕೋಚದ ದನಿಯೊಂದು ಕೇಳುತ್ತದೆ: “ನಿಮ್ಮ ಮನೆ ಹತ್ತಿರ ಎಲ್ಲಾದರೂ ಒಂದು ರೂಮು ನೋಡಿಡಲಿಕ್ಕೆ ಆಗ್ತದಾ?” ಮುಂಬಯಿಯವರಿಗೆ ಈ ಕರೆ ಟಾಟಾ ಆಸ್ಪತ್ರೆಯ ಕಾರಣಕ್ಕೆ ಬರುತ್ತದೆ, ವೆಲ್ಲೂರಿನವರಿಗೆ ಸಿಎಂಸಿಯ ಕಾರಣಕ್ಕೆ, ದೆಹಲಿಯವರಿಗೆ ಏಮ್ಸ್‌ನ ಕಾರಣಕ್ಕೆ. ಮದುವೆ, ಸಂದರ್ಶನ, ಮಗಳ ಕಾಲೇಜು ಪ್ರವೇಶ, ನಿವೃತ್ತಿಯ ನಂತರದ ಯಾತ್ರೆ, ಏನೇ ಇರಲಿ, ಕೋಣೆ ಕಾದಿರಿಸುವ ಹೊಣೆ ನಮ್ಮದು. ಊರು ಬಿಟ್ಟವರು ಊರಿಗೆ ಸಲ್ಲಿಸಬೇಕಾದ ಕಂದಾಯವೆಂದು ತಿಳಿದು ನಾನು ಇದನ್ನು ಸಂತೋಷದಿಂದಲೇ ಮಾಡುತ್ತ ಬಂದಿದ್ದೇನೆ. ಆ ಕಂದಾಯದ ಒಂದು ಕಂತನ್ನು ಇಡಿಯಾಗಿ ನುಂಗಿದ ಒಂದು ಪದದ ಮೇಲೆ ನನ್ನ ಈ ಜಗಳ. ಆ ಪದ: ‘ನಾನ್ ರಿಫಂಡಬಲ್’.

ನಾನು ಇರುವುದು ಓಖ್ಲಾದ ಸುಖದೇವ್ ವಿಹಾರದಲ್ಲಿ, ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಸಾಗರದಿಂದ ಚಿಕ್ಕಪ್ಪನ ಕರೆ ಬಂತು. ಅವರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆರಡು, ಮೂವತ್ತು ವರ್ಷ ಇತಿಹಾಸ ಬೋಧಿಸಿಯೂ ಕೆಂಪುಕೋಟೆಯನ್ನು ಪಠ್ಯಪುಸ್ತಕದ ಚಿತ್ರದಲ್ಲಲ್ಲದೆ ಬೇರೆಲ್ಲೂ ಕಂಡವರಲ್ಲ. ಚಿಕ್ಕಮ್ಮ, ಮಗಳು, ಅಳಿಯ ಸೇರಿ ನಾಲ್ವರು ನವೆಂಬರ್ 20ರಿಂದ ಐದು ರಾತ್ರಿ ದೆಹಲಿಯಲ್ಲಿ ಉಳಿಯುವುದೆಂದು ನಿಶ್ಚಯವಾಯಿತು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಹೋಟೆಲೊಂದರಲ್ಲಿ ಎರಡು ಕೋಣೆಗಳನ್ನು ಮೊಬೈಲಿನ ಆ್ಯಪ್ ಒಂದರ ಮೂಲಕ ಕಾದಿರಿಸಿದೆ. ರದ್ದುಪಡಿಸಲು ಅವಕಾಶವಿರುವ ದರ ಕೋಣೆಯೊಂದಕ್ಕೆ ರಾತ್ರಿಗೆ 3,100 ರೂಪಾಯಿ. ಅವಕಾಶವಿಲ್ಲದ ದರ 2,650. ‘ಈ ದರದಲ್ಲಿ ಇನ್ನು ಎರಡೇ ಕೋಣೆಗಳು ಉಳಿದಿವೆ’ ಎಂಬ ಕೆಂಪಕ್ಷರದ ಎಚ್ಚರಿಕೆ ಬೇರೆ. ಕಡಿಮೆಯದನ್ನೇ ಒತ್ತಿದೆ. ಬಾಡಿಗೆ 26,500, ಅದರ ಮೇಲೆ ಶೇಕಡಾ 12ರ ಜಿಎಸ್‌ಟಿ 3,180, ಒಟ್ಟು 29,680 ರೂಪಾಯಿ ನನ್ನ ಖಾತೆಯಿಂದ ಹೋಯಿತು. ಬಾಡಿಗೆಯಲ್ಲಿ 4,500 ರೂಪಾಯಿ ಉಳಿಸಿದೆನೆಂದು ಅಂದು ರಾತ್ರಿ ಹೆಂಡತಿಯ ಮುಂದೆ ಹೇಳಿಕೊಂಡೂ ಆಯಿತು.

ನವೆಂಬರ್ ಬಂತು. ದೆಹಲಿಯ ನವೆಂಬರ್ ಎಂದರೇನೆಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. 13ರಂದು ನಗರದ ವಾಯು ಗುಣಮಟ್ಟ ಸೂಚ್ಯಂಕ 400ನ್ನು ದಾಟಿ ‘ತೀವ್ರ’ ಎಂಬ ವರ್ಗಕ್ಕೆ ಇಳಿಯಿತು. 15ರ ಬೆಳಿಗ್ಗೆಯಿಂದ ಮಾಲಿನ್ಯ ನಿಯಂತ್ರಣದ ಮೂರನೇ ಹಂತದ ನಿರ್ಬಂಧಗಳು, 18ರಿಂದ ನಾಲ್ಕನೆಯ ಹಂತದವು. ಆ ದಿನ ಸೂಚ್ಯಂಕ 490ನ್ನು ಮೀರಿತ್ತು. ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದವು. ನಮ್ಮಂಥ ಕೇಂದ್ರ ಸರ್ಕಾರದ ನೌಕರರು ಒಂದೇ ಹೊತ್ತಿಗೆ ರಸ್ತೆಗಿಳಿಯದಿರಲೆಂದು ಕಚೇರಿಯ ವೇಳೆಯನ್ನು 9ರಿಂದ 5.30, 10ರಿಂದ 6.30 ಎಂದು ಒಡೆಯಲು ಸಲಹೆ ಬಂತು. ಇನ್ನು ನಮ್ಮ ಓಖ್ಲಾದ ಗಾಳಿಗೆ ತನ್ನದೇ ಆದ ಹೆಚ್ಚುವರಿ ಸಂಪತ್ತಿದೆ: 2012ರಿಂದ ಕಸ ಸುಟ್ಟು ವಿದ್ಯುತ್ ಮಾಡುತ್ತಿರುವ ಸ್ಥಾವರವೊಂದು ನಮ್ಮ ಬಡಾವಣೆಯ ಮಗ್ಗುಲಲ್ಲೇ ಇದೆ, ಅದರ ವಿರುದ್ಧ ಇಲ್ಲಿನ ನಿವಾಸಿಗಳು ನ್ಯಾಯಾಲಯಗಳ ಮೆಟ್ಟಿಲು ಹತ್ತಿದ್ದೂ ಆಗಿದೆ.

ಚಿಕ್ಕಪ್ಪನಿಗೆ ಹತ್ತು ವರ್ಷದಿಂದ ಉಬ್ಬಸ. ಶ್ವಾಸಕೋಶದ ದೀರ್ಘಕಾಲದ ಕಾಯಿಲೆಯೆಂದು ಶಿವಮೊಗ್ಗದ ವೈದ್ಯರ ಬಳಿ ಔಷಧಿ ನಡೆಯುತ್ತಿದೆ. 15ರಂದು, ಗುರುನಾನಕ್ ಜಯಂತಿಯ ರಜೆಯಾದ್ದರಿಂದ ನಾನು ಮನೆಯಲ್ಲೇ ಇದ್ದಾಗ, ಅವರ ಫೋನ್ ಬಂತು. ಈ ಗಾಳಿಗೆ ಹೋಗಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿ ಚೀಟಿಯನ್ನೂ ಬರೆದುಕೊಟ್ಟಿದ್ದರು. ಅದನ್ನು ತಿಳಿಸಿದ ಬಳಿಕ ಚಿಕ್ಕಪ್ಪ ಕೇಳಿದರು: “ರೂಮಿನ ದುಡ್ಡು ವಾಪಸು ಬರ್ತದಾ?” ಬರುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೂವತ್ತು ಸಾವಿರ ಸುಮ್ಮನೆ ಹಾಳು ಮಾಡೋದಾ? ಡಾಕ್ಟರು ಹಾಗೆಲ್ಲ ಹೇಳೋದೇ. ಮಾಸ್ಕ್ ಹಾಕ್ಕೊಂಡು ಬಂದುಬಿಡ್ತೇವೆ. ಗಾಳಿ ಜಾಸ್ತಿ ಕೆಟ್ಟಿದ್ದ ದಿನ ರೂಮಿನಲ್ಲೇ ಇದ್ದರಾಯ್ತು.”

ಆಗ ನಾನು ಕೊಡಬೇಕಾಗಿದ್ದ ಉತ್ತರ ‘ಬೇಡ’ ಎಂಬ ಎರಡಕ್ಷರ. ನಾನು ಕೊಟ್ಟ ಉತ್ತರ, “ನೋಡೋಣ ಚಿಕ್ಕಪ್ಪ, ಹತ್ತು ನಿಮಿಷ ಬಿಟ್ಟು ಮಾಡ್ತೇನೆ.” ಆ ಹತ್ತು ನಿಮಿಷ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಗಾಳಿ ಶುದ್ಧಗೊಳಿಸುವ ಯಂತ್ರ ಐದು ದಿನದ ಮಟ್ಟಿಗೆ ಬಾಡಿಗೆಗೆ ಸಿಗುವುದೇ ಎಂದು ಮೊಬೈಲಿನಲ್ಲಿ ಹುಡುಕಿದೆ. ಅಡುಗೆಮನೆಯಿಂದ ಬಂದ ಹೆಂಡತಿ ವಿಷಯ ತಿಳಿದು, “ನಿಮಗೆ ತಲೆ ಸರಿ ಇದೆಯಾ?” ಎಂದು ಕೇಳಿದ ಮೇಲೆ ಚಿಕ್ಕಪ್ಪನಿಗೆ ಮತ್ತೆ ಫೋನ್ ಮಾಡಿ ಖಂಡಿತ ಬರಬಾರದೆಂದೆ.

ನನ್ನ ಇಡೀ ವಾದದ ಬೇರು ಇರುವುದು ಆ ಹತ್ತು ನಿಮಿಷದಲ್ಲಿ. ಹಣ ಹೋದದ್ದು ದೊಡ್ಡ ಮಾತಲ್ಲ. ತಿಂಗಳ ಸಂಬಳ ಬರುವವನು ಹೇಗೋ ತುಂಬಿಕೊಳ್ಳುತ್ತಾನೆ. ಆದರೆ ಒಂದು ಷರತ್ತು, ಕಾಯಿಲೆಯ ಮುದುಕರೊಬ್ಬರನ್ನು ವೈದ್ಯರ ಮಾತು ಮೀರಿ ರೈಲು ಹತ್ತಲು ಪ್ರೇರೇಪಿಸಿತು. ಅವರನ್ನು ತಡೆಯಬೇಕಾಗಿದ್ದ ನನ್ನಂಥ ಓದಿದವನ ಬಾಯನ್ನು ಹತ್ತು ನಿಮಿಷ ಕಟ್ಟಿಹಾಕಿತು. ಸಂಬಳವಿಲ್ಲದವನ ಬಾಯನ್ನು ಅದು ಎಷ್ಟು ಹೊತ್ತು ಕಟ್ಟೀತು? ಎಷ್ಟು ಮಂದಿ ಜ್ವರದ ಮಗುವನ್ನು, ಎದೆನೋವಿನ ತಂದೆಯನ್ನು, ಏಳನೆಯ ತಿಂಗಳ ಬಸುರಿಯನ್ನು ‘ದುಡ್ಡು ಹಾಳಾಗುತ್ತದೆ’ ಎಂಬ ಒಂದೇ ಕಾರಣಕ್ಕೆ ಕರೆದುಕೊಂಡು ಹೊರಟಿರಬಹುದು?

ಮುಂದಿನ ಕಥೆ ಎಲ್ಲರೂ ಬಲ್ಲದ್ದು. ವೈದ್ಯರ ಚೀಟಿಯ ಪ್ರತಿಯನ್ನು ಸೇರಿಸಿ, ಐದು ದಿನ ಮೊದಲೇ ಕೋಣೆಗಳನ್ನು ಬಿಟ್ಟುಕೊಡುತ್ತಿದ್ದೇವೆಂದು ಆ್ಯಪಿನವರಿಗೆ ಬರೆದೆ. ಇದು ಹೋಟೆಲಿನ ನಿಯಮ, ನಾವು ಕೇವಲ ಮಧ್ಯವರ್ತಿಗಳು ಎಂದರು. ಹೋಟೆಲಿಗೆ ಬರೆದೆ. ಹಣ ಪಾವತಿಯಾದದ್ದು ಆ್ಯಪಿನಲ್ಲಿ, ಅಲ್ಲಿಯೇ ವಿಚಾರಿಸಿ ಎಂದರು. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಕಡತವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸುವ ವಿದ್ಯೆ ಹೊಸದಲ್ಲ. ಆದರೆ ನಾವು ಅದನ್ನು ಮಾಡಿದರೆ ಜನ ಕೆಂಪುಪಟ್ಟಿ ಎಂದು ಬಯ್ಯುತ್ತಾರೆ; ಖಾಸಗಿಯವರು ಮಾಡಿದರೆ ಅದಕ್ಕೆ ‘ಪಾಲಿಸಿ’ ಎಂಬ ಗೌರವದ ಹೆಸರು.

ಇದೇ ಸಮಯದಲ್ಲಿ, ಸಕಲರೂ ಹಳಿಯುವ ರೈಲ್ವೆ ಇಲಾಖೆ ಏನು ಮಾಡಿತು? ಯಶವಂತಪುರದಿಂದ ನಿಜಾಮುದ್ದೀನಿಗೆ ಬರುವ ಸಂಪರ್ಕ ಕ್ರಾಂತಿಯ ನಾಲ್ಕು ಟಿಕೆಟುಗಳನ್ನು ಅದೇ ದಿನ ರದ್ದು ಮಾಡಿಸಿದೆವು. ಹೊರಡಲು 48 ಗಂಟೆಗಿಂತ ಹೆಚ್ಚು ಸಮಯವಿದ್ದುದರಿಂದ ಮೂರನೆಯ ದರ್ಜೆಯ ಎಸಿಗೆ ತಲಾ 180 ರೂಪಾಯಿ, ಅದರ ಮೇಲಿನ ತೆರಿಗೆ, ಇಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ಮರಳಿಸಿತು. ಹೊರಡುವ ಹೊತ್ತು ಹತ್ತಿರವಾದಂತೆ ಕಡಿತ ಹೆಚ್ಚುತ್ತದೆ, ಹಾಗಿರುವುದು ನ್ಯಾಯವೇ. ವಿಮಾನಗಳ ವಿಷಯದಲ್ಲಿಯೂ, ಎಂಥ ಅಗ್ಗದ ಟಿಕೆಟ್ಟೇ ಆಗಲಿ, ರದ್ದಾದರೆ ವಿಮಾನ ನಿಲ್ದಾಣದ ಶುಲ್ಕ ಮತ್ತು ತೆರಿಗೆಗಳನ್ನು ಮರಳಿಸಲೇಬೇಕೆಂದು 2016ರಿಂದ ನಿಯಮವಿದೆ. ರೈಲಿಗೆ ಒಂದು ಅಳತೆಯಿದೆ, ವಿಮಾನಕ್ಕೆ ಒಂದು ಅಳತೆಯಿದೆ. ಹೋಟೆಲಿನ ಕೋಣೆಗೆ ಮಾತ್ರ ಅಳತೆಯೇ ಇಲ್ಲ.

ಈ ಪತ್ರವ್ಯವಹಾರವನ್ನೆಲ್ಲ ಕೇಳಿದ ಚಿಕ್ಕಪ್ಪ ಒಂದು ಪ್ರಶ್ನೆ ಹಾಕಿದರು. ಮೇಷ್ಟರ ಪ್ರಶ್ನೆ. “ಅಲ್ಲ ಮಾರಾಯ, ಆ ಹಾಸಿಗೆ ಮೇಲೆ ನಾವು ಮಲಗ್ಲಿಲ್ಲ. ನಾಳೆ ಬೇರೆ ಯಾರಾದರೂ ಮಲಗಿದ್ರೆ ಅವರ ಹತ್ತಿರವೂ ದುಡ್ಡು ತಗೊಳ್ತಾರೆ. ಒಂದು ಹಾಸಿಗೆಗೆ ಎರಡು ಬಾಡಿಗೆ ಹೇಗಾಗ್ತದೆ?”

ಉತ್ತರ ಹುಡುಕಿಕೊಂಡು 21ರ ಸಂಜೆ ಕಚೇರಿಯಿಂದ ಮರಳುವಾಗ ಆ ಹೋಟೆಲಿಗೇ ಹೋದೆ. ಹೆಸರು ಹೇಳದೆ, ಇವತ್ತು ರಾತ್ರಿಗೆ ಕೋಣೆ ಸಿಗುವುದೇ ಎಂದು ಕೇಳಿದೆ. ಒಂದೇ ಒಂದು ಖಾಲಿಯಿದೆ, 4,200 ರೂಪಾಯಿ ಎಂದರು. ನಾವು ಬಿಟ್ಟುಕೊಟ್ಟದ್ದು ಎರಡು. ಇಡೀ ಹೋಟೆಲಿನಲ್ಲಿ ಉಳಿದದ್ದು ಒಂದು. ಎಂದರೆ ನಮ್ಮದರಲ್ಲಿ ಒಂದಾದರೂ ಅಂದು ಮತ್ತೆ ಮಾರಾಟವಾಗಿತ್ತು, ಇನ್ನೊಂದು ನಾನು ಹೆಚ್ಚಿನ ದರಕ್ಕೆ ಒಪ್ಪಿದರೆ ಆಗಲಿತ್ತು. ದೆಹಲಿಯಲ್ಲಿ ಅದು ಮದುವೆಯ ಋತು. ಹೊಗೆಯಿದ್ದರೂ ದಿಬ್ಬಣಗಳು ನಿಲ್ಲುವುದಿಲ್ಲ.

ನಾನು ಅಲ್ಲಿ ನಿಂತಿದ್ದಾಗಲೇ ಕೌಂಟರಿನ ಇನ್ನೊಂದು ಬದಿಯಲ್ಲಿ ಯುವಕನೊಬ್ಬ ಕೈಯಲ್ಲಿ ಆಸ್ಪತ್ರೆಯ ಕಡತ ಹಿಡಿದು ವಾದಿಸುತ್ತಿದ್ದ. ಬಿಹಾರದ ಕಡೆಯ ಹಿಂದಿ. ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆಂದು ಎಂಟು ದಿನಕ್ಕೆ ಕೋಣೆ ಹಿಡಿದಿದ್ದನಂತೆ. ತಂದೆಗೆ ಜ್ವರ ಬಂದು ಶಸ್ತ್ರಚಿಕಿತ್ಸೆ ಮೂರು ವಾರ ಮುಂದಕ್ಕೆ ಹೋಗಿದೆ. ಊರಿಗೆ ಹೋಗಿ ಬರಬೇಕು. ಉಳಿದ ಆರು ದಿನದ ಹಣ ಕೊಡಿ ಎಂದು ಅವನ ಬೇಡಿಕೆ. ಕೌಂಟರಿನ ಹುಡುಗ ಮೊಬೈಲಿನ ಪರದೆಯನ್ನು ಅವನ ಕಡೆ ತಿರುಗಿಸಿ ಆ ಪದವನ್ನು ಬೆರಳಿನಿಂದ ತೋರಿಸಿದ. ಅವನು ಮತ್ತೆ ಮಾತಾಡಲಿಲ್ಲ.

ಈ ಪ್ರದೇಶದ ಭೂಗೋಳ ತಿಳಿದವರಿಗೆ ಆ ದೃಶ್ಯದ ಅರ್ಥ ಇನ್ನಷ್ಟು ಆಳವಾಗಿ ತಟ್ಟೀತು. ಓಖ್ಲಾ ರಸ್ತೆಯಲ್ಲಿ ಹೋಲಿ ಫ್ಯಾಮಿಲಿ ಆಸ್ಪತ್ರೆಯಿದೆ, ಎಸ್ಕಾರ್ಟ್ಸ್ ಹೃದ್ರೋಗ ಆಸ್ಪತ್ರೆಯಿದೆ. ಸ್ವಲ್ಪ ಆಚೆ ಸರಿತಾ ವಿಹಾರದಲ್ಲಿ ಅಪೋಲೊ. ಈ ಆಸ್ಪತ್ರೆಗಳ ಮಗ್ಗುಲಲ್ಲೇ ಇರುವ ಹಳ್ಳಿಯ ಹೆಸರು ಸರಾಯ್ ಜುಲೇನಾ. ಮೊಗಲ್ ಆಸ್ಥಾನದಲ್ಲಿದ್ದ ಜೂಲಿಯಾನಾ ಎಂಬ ಪೋರ್ಚುಗೀಸ್ ಮೂಲದ ಮಹಿಳೆಯಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಸರಾಯ್ ಎಂದರೆ ದಾರಿಹೋಕರು ತಂಗುವ ತಾಣ. ನಮ್ಮ ಕಡೆಯ ಛತ್ರದ ಹಾಗೆ. ಆ ಹೆಸರಿನ ನೆರಳಿನಲ್ಲಿ ಇಂದು ಗೆಸ್ಟ್ ಹೌಸುಗಳಿವೆ. ಅವುಗಳಲ್ಲಿ ತಂಗುವವರಲ್ಲಿ ದೊಡ್ಡ ಪಾಲು ರೋಗಿಗಳು ಮತ್ತು ರೋಗಿಗಳ ಬಂಧುಗಳು. ಬೇರೆ ಕಡೆ ಅನಾರೋಗ್ಯವು ಪ್ರವಾಸಕ್ಕೆ ಅಡ್ಡ ಬರುವ ಆಕಸ್ಮಿಕ. ಇಲ್ಲಿ ಅದೇ ಪ್ರವಾಸದ ಕಾರಣ. ಶಸ್ತ್ರಚಿಕಿತ್ಸೆ ಮುಂದೂಡಬಹುದು, ರೋಗಿ ಬೇಗ ಗುಣವಾಗಬಹುದು, ಗುಣವಾಗದೆಯೂ ಹೋಗಬಹುದು. ಇಂಥವರಿಗೆ ‘ಏನಾದರೂ ಸರಿ, ಹಣ ಮರಳದು’ ಎಂಬ ಕರಾರಿನ ಮೇಲೆ ಕೋಣೆ ಕೊಡುವುದೆಂದರೆ, ರೋಗಿಯ ದೇಹದ ಮೇಲೆ ಜೂಜು ಕಟ್ಟಿದಂತೆ. ಮೂರನೆಯ ದಿನವೇ ಕಣ್ಣು ಮುಚ್ಚಿದವನ ಮಗ ಉಳಿದ ಐದು ರಾತ್ರಿಯ ಬಾಡಿಗೆಯನ್ನು ಬಿಟ್ಟು ಹೆಣದೊಡನೆ ಊರಿಗೆ ಹೋಗುತ್ತಾನೆ. ಆ ಐದು ರಾತ್ರಿ ಮತ್ತೊಬ್ಬರಿಗೆ ಮಾರಾಟವಾಗುತ್ತದೆ.

ಕಾನೂನು ಇದನ್ನು ಒಪ್ಪುತ್ತದೆಯೇ? ನಾನು ವಕೀಲನಲ್ಲ, ಓದಿದ್ದು ಇಂಗ್ಲಿಷ್ ಎಂ.ಎ. ಆ ತರಗತಿಯಲ್ಲಿ ‘ವೆನಿಸ್ ನಗರದ ವರ್ತಕ’ ನಾಟಕವನ್ನು ಓದಿದಾಗ, ಒಂದು ತೊಟ್ಟು ನೆತ್ತರು ಬೀಳದಂತೆ ಮಾಂಸ ಕೊಯ್ಯಬೇಕೆಂಬ ಪೋರ್ಷಿಯಾಳ ಜಾಣ್ಮೆಗೆ ನಾವೆಲ್ಲ ತಲೆದೂಗಿದ್ದೆವು. ಈಗ ಅನಿಸುವುದು ಬೇರೆ. ಮೂರು ಸಾವಿರ ಡಕೆಟ್ ಸಾಲಕ್ಕೂ ಒಂದು ಪೌಂಡ್ ಮಾಂಸಕ್ಕೂ ಏನು ಸಂಬಂಧ? ಆ ಮಾಂಸದಿಂದ ಕೊಟ್ಟವನ ಯಾವ ನಷ್ಟ ತುಂಬುತ್ತದೆ? ಆದ ನಷ್ಟಕ್ಕೆ ಪರಿಹಾರ ಬೇರೆ, ಸೋತವನಿಗೆ ಶಿಕ್ಷೆ ಬೇರೆ. ವೆನಿಸಿನ ನ್ಯಾಯಾಲಯ ಈ ವ್ಯತ್ಯಾಸವನ್ನು ಕೇಳಲೇ ಇಲ್ಲ. ನಮ್ಮ ದೇಶದ ಕಾನೂನು 1872ರಷ್ಟು ಹಿಂದೆಯೇ ಕೇಳಿದೆ. ಭಾರತೀಯ ಕರಾರು ಅಧಿನಿಯಮದ 73 ಮತ್ತು 74ನೆಯ ಪ್ರಕರಣಗಳ ಸಾರವಿಷ್ಟು: ಕರಾರು ಮುರಿದರೆ ಇನ್ನೊಬ್ಬನಿಗೆ ನ್ಯಾಯವಾದ ಪರಿಹಾರ ಸಲ್ಲಬೇಕು, ಕಾಗದದಲ್ಲಿ ಬರೆದ ಮೊತ್ತ ಅದರ ಮೇಲ್ಮಿತಿ ಮಾತ್ರ, ಮತ್ತು ನಷ್ಟವನ್ನು ತಗ್ಗಿಸಿಕೊಳ್ಳಲು ಅವನಿಗಿದ್ದ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇದಕ್ಕೆ ದೆಹಲಿಯದೇ ಒಂದು ದೃಷ್ಟಾಂತವಿದೆ. 1982ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರವು ಭಿಕಾಜಿ ಕಾಮಾ ಪ್ಲೇಸಿನ ಒಂದು ನಿವೇಶನವನ್ನು ಹರಾಜು ಹಾಕಿತು. ಕೈಲಾಶ್ ನಾಥ್ ಅಸೋಸಿಯೇಟ್ಸ್ ಎಂಬವರು 3.12 ಕೋಟಿಗೆ ಕೂಗಿ, ಕಾಲು ಭಾಗವಾದ 78 ಲಕ್ಷ ರೂಪಾಯಿಯನ್ನು ಮುಂಗಡ ಕಟ್ಟಿದರು. ಉಳಿದ ಹಣದ ವಿಷಯದಲ್ಲಿ ವರ್ಷಗಟ್ಟಲೆ ಪತ್ರವ್ಯವಹಾರ ನಡೆದು, ಕೊನೆಗೆ ಪ್ರಾಧಿಕಾರ ಆ 78 ಲಕ್ಷವನ್ನು ಮುಟ್ಟುಗೋಲು ಹಾಕಿಕೊಂಡಿತು. ಅನಂತರ ಅದೇ ನಿವೇಶನವನ್ನು ಮರುಹರಾಜಿನಲ್ಲಿ 11.78 ಕೋಟಿಗೆ ಮಾರಿತು. 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ನಷ್ಟವೇ ಆಗದಿರುವಾಗ ಪರಿಹಾರವೆಲ್ಲಿಯದು? ಮುಂಗಡವನ್ನು ಬಡ್ಡಿಯೊಡನೆ ಹಿಂತಿರುಗಿಸಿ. ಸಾಗರದ ಮೇಷ್ಟರು ಹಾಸಿಗೆಯ ಬಗ್ಗೆ ಕೇಳಿದ್ದನ್ನೇ ಸರ್ವೋಚ್ಚ ನ್ಯಾಯಾಲಯವು ನಿವೇಶನದ ಬಗ್ಗೆ ಕೇಳಿತ್ತು.

ಇಲ್ಲಿ ನನ್ನ ಬೆನ್ನನ್ನೂ ನಾನು ನೋಡಿಕೊಳ್ಳಬೇಕು. ಆ ಪ್ರಕರಣದಲ್ಲಿ ಹಣ ನುಂಗಿದ್ದು ಖಾಸಗಿ ಹೋಟೆಲಲ್ಲ, ಸರ್ಕಾರದ ಸಂಸ್ಥೆ. ನನ್ನ ಮೇಜಿನ ಮೇಲೆಯೂ ಟೆಂಡರ್ ಕಡತಗಳು ಬರುತ್ತವೆ. ‘ಠೇವಣಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗುವುದು’ ಎಂಬ ವಾಕ್ಯವನ್ನು ಹಿಂದಿನ ಕಡತದಿಂದ ಮುಂದಿನ ಕಡತಕ್ಕೆ ಯಥಾವತ್ತಾಗಿ ಇಳಿಸುತ್ತ, ಅದು ಯಾರ ಮನೆಯ ಹಣ, ನಮಗಾದ ನಷ್ಟವೆಷ್ಟು ಎಂದು ನಾನೆಂದೂ ಟಿಪ್ಪಣಿ ಬರೆದವನಲ್ಲ. ಹೋಟೆಲಿನವರು ಈ ಭಾಷೆಯನ್ನು ಕಲಿತದ್ದು ನಮ್ಮಂಥವರಿಂದಲೇ ಇರಬಹುದು.

ಇನ್ನು ಗ್ರಾಹಕ ಕಾನೂನು. ಅನ್ಯಾಯದ ಷರತ್ತುಗಳ ವಿರುದ್ಧ ಪ್ರತ್ಯೇಕ ಶಾಸನ ಬೇಕೆಂದು ಕಾನೂನು ಆಯೋಗವು 2006ರಲ್ಲಿ ತನ್ನ 199ನೆಯ ವರದಿಯಲ್ಲಿ ಹೇಳಿತ್ತು. ಆ ಚಿಂತನೆ ಗ್ರಾಹಕ ಸಂರಕ್ಷಣಾ ಅಧಿನಿಯಮಕ್ಕೆ ಬಂದು ಸೇರಲು 2019 ಆಗಬೇಕಾಯಿತು. ಜಾರಿಗೆ ಬಂದದ್ದು 2020ರ ಜುಲೈಯಲ್ಲಿ. ಅದರ 2(46)ನೆಯ ಕಲಮು ‘ಅನ್ಯಾಯದ ಕರಾರು’ ಎಂದರೇನೆಂದು ಹೇಳುತ್ತದೆ: ಕರಾರು ಮುರಿದುದಕ್ಕಾಗಿ, ಆದ ನಷ್ಟಕ್ಕೆ ಯಾವ ಅನುಪಾತವೂ ಇಲ್ಲದ ದಂಡವನ್ನು ಗ್ರಾಹಕನ ಮೇಲೆ ಹೇರುವುದೂ ಆ ಪಟ್ಟಿಯಲ್ಲಿದೆ. ಓದಿ ಹಿಗ್ಗಿದೆ. ಮುಂದಿನ ಪುಟಗಳನ್ನು ತಿರುವಿದಾಗ ಹಿಗ್ಗು ಇಳಿಯಿತು. ಸೇವೆಯಲ್ಲಿ ಕೊರತೆಯೆಂದು ದೂರುವುದಾದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ನಾವು ವಾಸವಿರುವ ಊರಿನಲ್ಲಿಯೇ ದೂರು ಕೊಡಬಹುದು. ಆದರೆ ಷರತ್ತೇ ಅನ್ಯಾಯವಾದುದು, ಅದನ್ನೇ ತೊಡೆದುಹಾಕಿ ಎಂದು ಕೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ. ಮೊತ್ತ ಎಷ್ಟೇ ಚಿಕ್ಕದಿರಲಿ, ರಾಜ್ಯ ಆಯೋಗಕ್ಕೇ ಹೋಗಬೇಕು. ಮೂವತ್ತು ಸಾವಿರದ ಕೋಣೆಗಾಗಿ ರಾಜ್ಯ ಆಯೋಗದ ಮೆಟ್ಟಿಲು ಹತ್ತುವ ಸಾಗರದ ಮೇಷ್ಟರು ಯಾರು? ಕಾನೂನು ಬಾವಿಯನ್ನು ತೋಡಿದೆ, ಹಗ್ಗವನ್ನು ಮಾತ್ರ ಗಿಡ್ಡ ಕೊಟ್ಟಿದೆ.

ಎದುರು ಪಕ್ಷದ ವಾದಗಳನ್ನು ನಾನು ಕೇಳದವನಲ್ಲ. ಮೊದಲನೆಯದು: ನೀನೇ ಆರಿಸಿಕೊಂಡೆ, ಅಗ್ಗಕ್ಕೆ ಆಸೆಪಟ್ಟೆ. ಸರಿ, ಒಪ್ಪಿದೆ. ಹಾಗಾದರೆ ಆ ಅಗ್ಗದ ಬೆಲೆ 4,500 ರೂಪಾಯಿ. ಅದನ್ನು ಹಿಡಿದುಕೊಳ್ಳಲಿ, ಅದರ ಮೇಲೆ ಒಂದು ರಾತ್ರಿಯ ಬಾಡಿಗೆಯನ್ನೂ ಹಿಡಿದುಕೊಳ್ಳಲಿ. ಇಡೀ ಹಣ ಕೊಡಿ ಎಂದು ನಾನು ಕೇಳುತ್ತಿಲ್ಲ. 4,500ರ ರಿಯಾಯಿತಿ ಕೊಟ್ಟು 29,680ನ್ನು ಇಟ್ಟುಕೊಳ್ಳುವುದಕ್ಕೆ ಯಾವ ಗಣಿತದಲ್ಲಿ ಸೂತ್ರವಿದೆ ಎಂದಷ್ಟೇ ಕೇಳುತ್ತಿದ್ದೇನೆ. ಆ ‘ಆಯ್ಕೆ’ಯ ಹೊತ್ತಿನಲ್ಲಿ ಕೆಂಪಕ್ಷರದಲ್ಲಿ ಹೆದರಿಸಿದ್ದನ್ನೂ ಮರೆಯಬಾರದು. ಸುಳ್ಳು ಅವಸರವನ್ನು ಹುಟ್ಟಿಸಿ ಮಾರುವುದೂ ಸೇರಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಪಟ್ಟಿಮಾಡಿ ನಿಷೇಧಿಸಿದೆ.

ಎರಡನೆಯದು: ಕೋಣೆ ಎಂಬುದು ಹಾಲಿನಂತೆ, ಇವತ್ತಿನ ರಾತ್ರಿ ಮಾರಾಟವಾಗದಿದ್ದರೆ ನಾಳೆಗೆ ಉಳಿಯದು, ಸಣ್ಣ ಹೋಟೆಲಿನವನು ಬದುಕುವುದು ಹೇಗೆ? ಇದು ನಿಜವಾದ ಕಷ್ಟ. ಸಣ್ಣ ಹೋಟೆಲುಗಳು ಆನ್‌ಲೈನ್ ದಲ್ಲಾಳಿಗಳ ಹಿಡಿತದಲ್ಲಿ ಸಿಕ್ಕಿರುವುದೂ ನಿಜ. ತಮ್ಮಲ್ಲಿಗಿಂತ ಕಡಿಮೆ ದರಕ್ಕೆ ಬೇರೆಡೆ ಕೋಣೆ ಕೊಡಕೂಡದೆಂದು ಹೋಟೆಲುಗಳನ್ನು ಕಟ್ಟಿಹಾಕಿದ್ದೂ ಸೇರಿದಂತೆ ಹಲವು ಕಾರಣಗಳಿಗಾಗಿ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಇಂಥ ಎರಡು ದೊಡ್ಡ ಸಂಸ್ಥೆಗಳಿಗೆ ಒಟ್ಟು 392 ಕೋಟಿ ರೂಪಾಯಿಯಷ್ಟು ದಂಡ ವಿಧಿಸಿತು. ಆದರೆ ಹಾಲು ಒಡೆದರೆ ತಾನೆ ನಷ್ಟ? ಬೇರೊಬ್ಬರಿಗೆ ಮಾರಿದ ಹಾಲಿನ ಹಣವನ್ನು ನನ್ನಿಂದಲೂ ಕೇಳುವುದೇಕೆ? ಜರ್ಮನಿಯ ನಾಗರಿಕ ಸಂಹಿತೆಯ 537ನೆಯ ಕಲಮು ಈ ಗಂಟನ್ನು ನೇರವಾಗಿ ಬಿಚ್ಚಿದೆ: ಬಾರದವನು ಬಾಡಿಗೆ ಕೊಡಬೇಕು, ನಿಜ; ಆದರೆ ಅವನು ಬಾರದ್ದರಿಂದ ಉಳಿದ ಖರ್ಚನ್ನೂ, ಕೋಣೆಯನ್ನು ಬೇರೆಯವರಿಗೆ ಕೊಟ್ಟು ಗಳಿಸಿದ್ದನ್ನೂ ಮಾಲೀಕ ಕಳೆದುಕೊಡಬೇಕು. ಮಾಲೀಕನೂ ಬದುಕಿದ, ಅತಿಥಿಯೂ ಉಳಿದ.

ಮೂರನೆಯದು: ಎಲ್ಲರೂ ಸುಳ್ಳು ವೈದ್ಯಕೀಯ ಪ್ರಮಾಣಪತ್ರ ತರುತ್ತಾರೆ. ಕೇಂದ್ರ ಸರ್ಕಾರದ ನೌಕರನ ಮುಂದೆ ಈ ಮಾತನ್ನು ಆಡುವುದು ಮೀನಿಗೆ ಈಜು ವಿವರಿಸಿದಂತೆ! ಯಾವ ರೋಗ ಯಾವ ಹಬ್ಬದ ಹಿಂದುಮುಂದು ಬರುತ್ತದೆಂಬುದು ನಮ್ಮ ಕಚೇರಿಯ ಜವಾನನಿಗೂ ಗೊತ್ತು. ಆದರೂ ಸರ್ಕಾರವು ವೈದ್ಯಕೀಯ ರಜೆಯನ್ನು ರದ್ದುಪಡಿಸಿಲ್ಲ. ನೋಂದಾಯಿತ ವೈದ್ಯನ ಸಹಿ ಕೇಳುತ್ತದೆ, ಸಂಶಯ ಬಂದರೆ ಎರಡನೆಯ ಅಭಿಪ್ರಾಯ ಕೇಳುತ್ತದೆ. ಕೆಲವರು ಸುಳ್ಳು ಹೇಳುತ್ತಾರೆಂದು ಎಲ್ಲ ರೋಗಿಗಳನ್ನೂ ಸುಳ್ಳರೆಂದು ತೀರ್ಮಾನಿಸುವುದು ಆಡಳಿತವೂ ಅಲ್ಲ, ವ್ಯಾಪಾರವೂ ಅಲ್ಲ.

ಈ ಬಾಡಿಗೆಯಲ್ಲಿ ಪಾಲುದಾರನಾದ ಮೂರನೆಯವನೊಬ್ಬನಿದ್ದಾನೆ: ನಾನು ದುಡಿಯುವ ಸರ್ಕಾರ. ರದ್ದತಿಗಾಗಿ ಹಿಡಿದುಕೊಂಡ ಹಣಕ್ಕೆ ಮೂಲ ಸೇವೆಯ ದರದಲ್ಲಿಯೇ ಜಿಎಸ್‌ಟಿ ಸಲ್ಲುತ್ತದೆಂದು 2022ರ ಆಗಸ್ಟಿನ ಸುತ್ತೋಲೆಯೊಂದು ಹೇಳಿದೆ. ಮಲಗದ ನಿದ್ದೆಗೂ ತೆರಿಗೆಯುಂಟು. ಮಲಗದವನ ಹಣಕ್ಕೆ ರಕ್ಷಣೆ ಮಾತ್ರ ಇಲ್ಲ.

ಸರ್ಕಾರಕ್ಕೂ ನ್ಯಾಯಾಲಯಕ್ಕೂ ಇದು ಸಾಧ್ಯವಿಲ್ಲದ ಕೆಲಸವೇ? 2020ರ ಲಾಕ್‌ಡೌನಿನಲ್ಲಿ ವಿಮಾನ ಟಿಕೆಟುಗಳ ಹಣ ಸಿಕ್ಕಿಬಿದ್ದಾಗ ಪ್ರವಾಸಿ ಲೀಗಲ್ ಸೆಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ಅಕ್ಟೋಬರ್ 1ರಂದು ಬಂದ ತೀರ್ಪು, ಲಾಕ್‌ಡೌನ್ ಅವಧಿಯಲ್ಲಿ ಅದೇ ಅವಧಿಯ ಪ್ರಯಾಣಕ್ಕೆಂದು ಕೊಂಡ ಟಿಕೆಟುಗಳ ಹಣವನ್ನು ಪೂರ್ತಿ ಹಿಂತಿರುಗಿಸಬೇಕೆಂದಿತು; ಹಣವಿಲ್ಲದ ಕಂಪನಿಗಳು ಮುಂದಿನ ಪ್ರಯಾಣಕ್ಕೆ ಜಮೆ ಇಟ್ಟರೆ ಅದರ ಮೇಲೆ ತಿಂಗಳಿಗಿಷ್ಟೆಂದು ಹೆಚ್ಚುವರಿ ಕೊಡಬೇಕೆಂದಿತು. ದೇಶವೇ ಮನೆಯೊಳಗೆ ಕುಳಿತಾಗ ನ್ಯಾಯ ಸಿಕ್ಕಿತು. ಒಬ್ಬ ಮುದುಕರ ಶ್ವಾಸಕೋಶಕ್ಕೆ ಮಾತ್ರ ಲಾಕ್‌ಡೌನ್ ಬಿದ್ದರೆ ಅದು ಅವರ ಖಾಸಗಿ ದುರದೃಷ್ಟವೆನಿಸುತ್ತದೆ.

ನನ್ನ ವಿಷಯ ಏನಾಯಿತೆಂದು ಹೇಳಿ ಮುಗಿಸುತ್ತೇನೆ. 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. 90 ದಿನದೊಳಗೆ ಬೇರೆ ದಿನಾಂಕಕ್ಕೆ ಬನ್ನಿ ಎಂಬ ಉತ್ತರ ಬಂತು. ದೆಹಲಿಯ ಚಳಿಗಾಲದ 90 ದಿನ! ಕೊನೆಗೆ ಕೈಲಾಶ್ ನಾಥ್ ತೀರ್ಪು ಮತ್ತು 2(46)ನೆಯ ಕಲಮನ್ನು ಉಲ್ಲೇಖಿಸಿ, ಮರುಮಾರಾಟದ ವಿವರ ಕೇಳಿ, ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿದೆ. ಜನವರಿಯಲ್ಲಿ ಮೂರು ರಾತ್ರಿಗಳ ಮೊತ್ತ, 17,808 ರೂಪಾಯಿ, ಖಾತೆಗೆ ಬಂದು ಬಿತ್ತು. ಜೊತೆಗೆ ಒಂದು ಸಾಲು: ಇದನ್ನು ಸೌಹಾರ್ದದ ದ್ಯೋತಕವಾಗಿ ಕೊಡಲಾಗಿದೆ, ಹಕ್ಕೆಂದು ಭಾವಿಸತಕ್ಕದ್ದಲ್ಲ.

ಉಳಿದ 11,872 ರೂಪಾಯಿಗಾಗಿ ನಾನು ಆಯೋಗಕ್ಕೆ ಹೋಗಲಿಲ್ಲ. ಎಷ್ಟು ದಿನ ರಜೆ ಹಾಕಬೇಕು, ಎಷ್ಟು ಬಾರಿ ಓಡಾಡಬೇಕು ಎಂದು ಲೆಕ್ಕ ಹಾಕಿ ಸುಮ್ಮನಾದೆ. ಆ ಪದ ಬದುಕಿರುವುದೇ ನನ್ನಂಥವರ ಆ ಲೆಕ್ಕಾಚಾರದ ಮೇಲೆ. ನೋಟಿಸು ಬರೆಯಬಲ್ಲವನಿಗೆ ಮೂರು ರಾತ್ರಿಯ ಸೌಹಾರ್ದ ಸಿಕ್ಕಿತು. ಆಸ್ಪತ್ರೆಯ ಕಡತ ಹಿಡಿದು ನಿಂತಿದ್ದ ಆ ಹುಡುಗನಿಗೆ ಅದೂ ಸಿಕ್ಕಿರಲಾರದು. ಆದ್ದರಿಂದ ಇದು ಒಬ್ಬೊಬ್ಬರು ಕಾದಾಡಿ ಗೆಲ್ಲುವ ಜಗಳವಲ್ಲ. ಗ್ರಾಹಕ ಪ್ರಾಧಿಕಾರವು ತಾನಾಗಿಯೇ ಈ ಷರತ್ತನ್ನು ಕೈಗೆತ್ತಿಕೊಳ್ಳಬೇಕು. ಮರಳಿ ಮಾರಿದ ಕೋಣೆಯ ಹಣ ಮರಳಲೇಬೇಕೆಂದು ನಿಯಮವಾಗಬೇಕು. ವೈದ್ಯರ ಚೀಟಿಯೊಡನೆ 48 ಗಂಟೆ ಮೊದಲು ತಿಳಿಸಿದವರಿಂದ ಒಂದು ರಾತ್ರಿಗಿಂತ ಹೆಚ್ಚು ಹಿಡಿಯಕೂಡದು. ಅನ್ಯಾಯದ ಕರಾರನ್ನು ತಳ್ಳಿಹಾಕುವ ಅಧಿಕಾರ ಜಿಲ್ಲಾ ಆಯೋಗಕ್ಕೂ ಬರಬೇಕು. ಅಲ್ಲಿಯವರೆಗೆ, ಊರಿನವರಿಗಾಗಿ ಕೋಣೆ ಹಿಡಿಯುವ ಹೊರನಾಡಿನ ಬಂಧುಗಳಲ್ಲಿ ನನ್ನದೊಂದು ಕೋರಿಕೆ: ಹಣ ಹೋದರೆ ದೂರು ದಾಖಲಿಸದೆ ಬಿಡಬೇಡಿ, ಮೊತ್ತ ಎಷ್ಟೇ ಚಿಕ್ಕದಿರಲಿ. ದಾಖಲಾಗದ ಅನ್ಯಾಯವನ್ನು ಯಾವ ಕಡತವೂ ನೋಡುವುದಿಲ್ಲ. ಇದು ಕಡತಗಳ ನಡುವೆ ಬದುಕುವವನ ಮಾತು.

ಚಿಕ್ಕಪ್ಪ ನವೆಂಬರಿನಲ್ಲೇ ಪೂರ್ತಿ 29,680 ರೂಪಾಯಿಯನ್ನು ನನ್ನ ಖಾತೆಗೆ ಹಾಕಿದ್ದರು. ನಾನು ಮರಳಿಸಿದೆ. ಅವರು ಮತ್ತೆ ಹಾಕಿದರು. ನಾನು ಮತ್ತೆ ಮರಳಿಸಿದೆ. “ನಾವು ಬರ್ತೇವೆ ಅಂದಿದ್ದಕ್ಕೆ ತಾನೇ ನೀನು ಕಟ್ಟಿದ್ದು” ಎಂಬುದು ಅವರ ವಾದ. ತಾನು ಪಡೆಯದ ಸೇವೆಗೂ ತಾನು ಋಣಿ ಎಂದುಕೊಳ್ಳುವ ಆ ಮನುಷ್ಯ ಒಂದು ಕಡೆ. ತಾನು ಕೊಡದ ಸೇವೆಗೂ ಹಣ ತನ್ನದೆನ್ನುವ ಆ ಪದ ಇನ್ನೊಂದು ಕಡೆ. ಕೆಂಪುಕೋಟೆಯನ್ನು ಅವರು ಇನ್ನೂ ನೋಡಿಲ್ಲ. ಫೆಬ್ರವರಿ ಕಳೆದು ಗಾಳಿ ತಿಳಿಯಾದ ಮೇಲೆ ಬರುತ್ತಾರಂತೆ. ಈ ಸಲ ನಮ್ಮ ಮನೆಯಲ್ಲೇ, ನಡುಮನೆಯಲ್ಲಿ ಹಾಸಿಗೆ ಹಾಸುವುದೆಂದು ತೀರ್ಮಾನವಾಗಿದೆ.